ಮಾಜಿ ಓಂ ಶಾಂತಿ

ನಮ್ಮ ಕಡೆ ಮಾಜಿ ಆದವರಿಗೆ ಮರ್ಯಾದೆ ಒಂದು ಕೈ ಹೆಚ್ಚೇ. ಮುಧೋಳದಿಂದ ಜಮಖಂಡಿಗೆ ಹೋಗುವಾಗ ಎದುರಿಗೆ ಬರುವ ಬಿಳಿ ಗಾಡಿಗಳ ಬೋರ್ಡು ಓದುತ್ತ ಕೂತರೆ ಸಾಕು: ಮಾಜಿ ಅಧ್ಯಕ್ಷರು, ಮಾಜಿ ಸದಸ್ಯರು, ಮಾಜಿ ನಿರ್ದೇಶಕರು. ಹಾಲಿ ಇದ್ದಾಗ ಸಣ್ಣಗಿದ್ದ ಅಕ್ಷರ ಮಾಜಿ ಆದಮೇಲೆ ದಪ್ಪಗಾಗುತ್ತದೆ. ಬೋರ್ಡು ಹಾಕಿಕೊಳ್ಳಲಾಗದ ಮಾಜಿಗಳು ಮಾತ್ರ ಒಂದು ವರ್ಗ ಇದ್ದಾರೆ. ರಬಕವಿ-ಬನಹಟ್ಟಿಯಲ್ಲಿ ಇದ್ದಾರೆ, ಬೀಳಗಿಯಲ್ಲೂ ಇದ್ದಾರೆ. ಅವರು ಮಾಜಿ ಓಂ ಶಾಂತಿಯವರು.

ಹಾಲಿ ಓಂ ಶಾಂತಿಯವರನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ಪ್ರಜಾಪಿತ ಬ್ರಹ್ಮಾಕುಮಾರಿ ಈಶ್ವರೀಯ ವಿಶ್ವವಿದ್ಯಾಲಯ ಎಂದು ಪೂರ್ತಿ ಹೇಳುವಷ್ಟು ಉಸಿರು ಯಾರಿಗಿದೆ? ಊರ ಮಂದಿ 'ಓಂ ಶಾಂತಿ' ಎಂದು ಮುಗಿಸಿದ್ದಾರೆ. ರಾಖಿ ಹುಣ್ಣಿಮೆಗೆ ಪೊಲೀಸ್ ಠಾಣೆಗೆ ಹೋಗಿ ಸಾಹೇಬರ ಕೈಗೆ ರಾಖಿ ಕಟ್ಟಿ ಸಿಹಿ ಕೊಡುವ ಬಿಳಿ ಸೀರೆಯ ಅಕ್ಕನವರು, ಶಿವರಾತ್ರಿಗೆ ಶಿವಧ್ವಜ ಹಾರಿಸುವವರು. ಸಿಂಧ್ ಪ್ರಾಂತದ ಹೈದರಾಬಾದಿನಲ್ಲಿ ಲೇಖರಾಜ ಎಂಬ ವಜ್ರದ ವ್ಯಾಪಾರಿ 1930ರ ದಶಕದಲ್ಲಿ ಶುರು ಮಾಡಿದ ಸತ್ಸಂಗ, ದೇಶ ಒಡೆದ ಮೇಲೆ 1950ರಲ್ಲಿ ಅಬು ಪರ್ವತ ಏರಿ ಅಲ್ಲೇ ನೆಲೆ ನಿಂತಿತು. ಮೊದಲಿನಿಂದಲೂ ಆಡಳಿತವನ್ನು ಹೆಣ್ಣುಮಕ್ಕಳ ಕೈಗೇ ಕೊಟ್ಟ ಪಂಥ ಅದು. ನಮ್ಮ ಸೀಮೆಯ ಗಾದಿಗಳನ್ನು ನೋಡಿದವರಿಗೆ ಇದು ಸಣ್ಣ ಮಾತಲ್ಲ.

ಈಗ ನಮ್ಮ ಕಾಕಾನ ಕಡೆ ಬರೋಣ. ಬನಹಟ್ಟಿಯಲ್ಲಿ ಮನೆ, ಮನೆಯ ಹಿಂದೆಯೇ ಪವರ್‌ಲೂಮು. ನೂಲಿನ ದರ ಏರಿದಂತೆ ಕಾಕಾನ ಬಿಪಿಯೂ ಏರುತ್ತಿದ್ದ ಕಾಲದಲ್ಲಿ ಪಕ್ಕದ ಮನೆಯವರೊಬ್ಬರು, "ಏಳ ದಿನದ ಕೋರ್ಸ್ ಐತಿ, ರೊಕ್ಕಾ ಇಲ್ಲ, ಬರ್ರಿ" ಎಂದು ಕರೆದೊಯ್ದರು. ಪುಕ್ಕಟೆ ಎಂದರೆ ನೇಕಾರ ಮಾಲಕ ಸಂಶಯ ಪಡುತ್ತಾನೆ, ಆದರೂ ಹೋಗುತ್ತಾನೆ. ನೀನು ದೇಹ ಅಲ್ಲ, ಹುಬ್ಬಿನ ನಡುವೆ ಇರುವ ಬೆಳಕಿನ ಬಿಂದು ಎಂಬಲ್ಲಿಂದ ಪಾಠ ಶುರುವಾಯಿತು. ಏಳನೆಯ ದಿನ ಮುಗಿಯುವ ಹೊತ್ತಿಗೆ ಕಾಕಾ 'ಅಣ್ಣಾರು' ಆಗಿದ್ದರು, ಮನೆಯಿಂದ ಉಳ್ಳಾಗಡ್ಡಿ ಹೊರಗೆ ಬಿದ್ದಿತ್ತು.

ಉಳ್ಳಾಗಡ್ಡಿ ಬಿಡುವುದು ಎಂದರೇನು ಎಂಬುದು ಮೈಸೂರು ಕಡೆಯವರಿಗೆ ತಿಳಿಯುವ ವಿಷಯವಲ್ಲ. ಅಲ್ಲಿ ಅದು ಸಾಂಬಾರಿನಲ್ಲಿ ಕರಗಿ ಹೋಗುವ ಪದಾರ್ಥ. ಇಲ್ಲಿ ರೊಟ್ಟಿ, ಶೇಂಗಾ ಹಿಂಡಿ, ಕೆನೆಮೊಸರು, ಮಗ್ಗುಲಲ್ಲಿ ಮುಷ್ಟಿಯಿಂದ ಗುದ್ದಿ ಒಡೆದ ಹಸಿ ಉಳ್ಳಾಗಡ್ಡಿ. ಅದನ್ನು ಬಿಟ್ಟವನು ಸಂಸಾರದಲ್ಲಿ ಬೇರೆ ಏನನ್ನು ಬೇಕಾದರೂ ಬಿಡಬಲ್ಲ. ಬೆಳ್ಳುಳ್ಳಿಯೂ ಹೋಯಿತು. ಪರಮಾತ್ಮನ ನೆನಪಿನಲ್ಲಿ ಮಾಡಿದ ಅಡುಗೆಯನ್ನೇ ಉಣ್ಣಬೇಕು ಎಂಬ ನಿಯಮ ಬಂದಾಗ, ಕಾಕೂ ಅಡುಗೆ ಮಾಡುವಾಗ ನೆನೆಸುವುದು ಯಾರನ್ನು ಎಂಬ ಪ್ರಶ್ನೆ ಎದ್ದು, ಕೊನೆಗೆ ಕಾಕಾ ತಾವೇ ಒಲೆ ಹಚ್ಚಿದರು. ಲಗ್ನಗಳಿಗೆ ಡಬ್ಬಿ ಕಟ್ಟಿಕೊಂಡು ಬರುತ್ತಿದ್ದರು. ಬೀಗರ ಪಂಕ್ತಿಯಲ್ಲಿ ಎಲ್ಲರಿಗೂ ಹುಗ್ಗಿ ಬೀಳುವಾಗ ಕಾಕಾ ಡಬ್ಬಿಯ ಮುಚ್ಚಳ ತೆಗೆಯುವುದು, ಗಂಡಿನ ಕಡೆಯವರು ಅದನ್ನು ಅವಮಾನ ಎಂದು ತಿಳಿಯುವುದು, ಹಿರಿಯರು ನಡುವೆ ಬರುವುದು; ಇಂಥ ಪ್ರಸಂಗಗಳು ಓಣಿಗೆ ಬಾಯಿಪಾಠ. ಬ್ರಹ್ಮಚರ್ಯದ ನಿಯಮದ ಬಗ್ಗೆ ಕಾಕಾ ಏನೂ ಹೇಳುವುದಿಲ್ಲ. ಕಾಕೂನೂ ಹೇಳುವುದಿಲ್ಲ. ನಾವೂ ಕೇಳಿಲ್ಲ.

ಕಾಕೂ ಮಾತ್ರ ಕೊನೆಯವರೆಗೂ ಕ್ಲಾಸಿಗೆ ಹೋಗಲಿಲ್ಲ. ಕೊರಳಲ್ಲಿದ್ದ ಇಷ್ಟಲಿಂಗ ಮುಟ್ಟಿ ಒಂದೇ ಮಾತು ಹೇಳಿದರು: "ಎದಿ ಮ್ಯಾಲ ಇರೋ ಶಿವನ್ನ ಬಿಟ್ಟು ಗುಡ್ಡದ ಮ್ಯಾಲ ಹುಡುಕಾಕ ಹೊಂಟೀರಿ. ಹೋಗ್ರಿ, ಬರೂಮುಂದ ಸಂತಿ ಮಾಡ್ಕೊಂಡು ಬರ್ರಿ."

ನಸುಕಿನ ನಾಲ್ಕಕ್ಕೆ ಅಮೃತವೇಳೆ, ಆಮೇಲೆ ಸ್ನಾನ, ಬಿಳಿ ಬಟ್ಟೆ, ಕೇಂದ್ರಕ್ಕೆ ಹೋಗಿ ಮುರಳಿ ಕೇಳುವುದು. ಮುರಳಿ ಎಂದರೆ ಊದುವುದಲ್ಲ, ಓದುವುದು. ಹಗಲಲ್ಲಿ ಗೊತ್ತಾದ ಹೊತ್ತಿಗೆ ಹಾಡು ಹಾಕಿ, ಕೈಯಲ್ಲಿದ್ದ ಕೆಲಸ ನಿಲ್ಲಿಸಿ, ಮನಸ್ಸಿನ ಓಟ ತಡೆಯಬೇಕು. ಅದಕ್ಕೆ ಅವರು ಟ್ರಾಫಿಕ್ ಕಂಟ್ರೋಲ್ ಎನ್ನುತ್ತಾರೆ. ಕಾಕಾ ಮಗ್ಗದ ಮನೆಯಲ್ಲೂ ಅದನ್ನು ಜಾರಿಗೆ ತಂದರು. ತುಂಡಿನ ಲೆಕ್ಕದಲ್ಲಿ ಕೂಲಿ ಪಡೆಯುವ ಆಳುಗಳಿಗೆ ಲಾಳಿ ನಿಲ್ಲಿಸಿ ಧ್ಯಾನ ಮಾಡಿ ಎಂದರೆ ಹೇಗಾಗಬೇಡ! ಅವರಲ್ಲಿ ಹಿರಿಯನೊಬ್ಬ, "ಮಾಲಕ್ರ, ದಿನಾ ಕರೆಂಟ್ ಹೋದಾಗ ನಾವು ಶಾಂತ ಕುಂಡ್ರತೀವಲ್ರೀ, ಅದನ್ನ ಹಿಡೀರಿ" ಎಂದ. ಕಾಕಾ ಒಪ್ಪಿಕೊಂಡರು. ಜಾಗತಿಕ ಧರ್ಮಗಳ ಚರಿತ್ರೆಯಲ್ಲಿ ಲೋಡ್‌ಶೆಡ್ಡಿಂಗಿಗೆ ಆಧ್ಯಾತ್ಮಿಕ ಮಾನ್ಯತೆ ಸಿಕ್ಕಿದ್ದು ಬಹುಶಃ ಬನಹಟ್ಟಿಯಲ್ಲೇ ಮೊದಲು.

ಇಷ್ಟಾದರೂ ಕಾಕಾನಿಗೆ ನಿಜಕ್ಕೂ ರುಚಿಸಿದ್ದು 'ಡ್ರಾಮಾ'. ಕಾಲಚಕ್ರ 5000 ವರ್ಷದ್ದು, ನಾಲ್ಕು ಯುಗ, ತಲಾ 1250 ವರ್ಷ. ಒಂದು ಸುತ್ತಿನಲ್ಲಿ ನಡೆದದ್ದೇ ಮುಂದಿನ ಸುತ್ತಿನಲ್ಲಿ ಕೂದಲೆಳೆಯಷ್ಟೂ ತಪ್ಪದೆ ನಡೆಯುತ್ತದೆ. ಆದದ್ದಕ್ಕೆ ಅಳುವುದೇಕೆ? ಸೀರೆ ವ್ಯಾಪಾರಿ ಬಾಕಿ ಕೊಡದಿದ್ದರೆ ಡ್ರಾಮಾದಲ್ಲಿ ಇತ್ತು. ಮಗಳ ಲಗ್ನ ಮುರಿದರೆ ಡ್ರಾಮಾದಲ್ಲಿ ಇತ್ತು. ಮುಧೋಳದ ಕಬ್ಬಿನ ರೈತನೊಬ್ಬನ ಮುಂದೆ ಈ ಸಿದ್ಧಾಂತ ಬಿಚ್ಚಿದಾಗ ಅವನು ಬಹಳ ಹೊತ್ತು ವಿಚಾರ ಮಾಡಿ ಕೇಳಿದ: "ಹಂಗಾರ ಐದ ಸಾವಿರ ವರ್ಷದ ಹಿಂದೂ ಫ್ಯಾಕ್ಟರಿಯವ್ರು ನಂದು ಬಿಲ್ ಹಾಕಿರಲಿಲ್ಲೇನ್ರೀ?"

ವಿನಾಶದ ಪಾಠಕ್ಕಂತೂ ನಮ್ಮ ನೆಲ ಸರಿಯಾದ ಜಾಗವೇ ಅಲ್ಲ. ಕಲಿಯುಗ ಮುಗಿಯಿತು, ವಿನಾಶ ಬಾಗಿಲಿಗೆ ಬಂದಿದೆ ಎಂದು ಕಾಕಾ ಮಾಳಿಗೆ ಕಟ್ಟಿಸುವುದನ್ನೇ ಬಿಟ್ಟಿದ್ದರು. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ ಎರಡೂ ಉಕ್ಕಿ ಜಮಖಂಡಿ, ಮುಧೋಳದ ಹಳ್ಳಿಗಳಿಗೆ ನೀರು ನುಗ್ಗಿದಾಗ, ಬಂದೇ ಬಿಟ್ಟಿತು ಎಂದು ಎದ್ದು ಕೂತರು. ನೀರು ಇಳಿದ ಮೇಲೆ ಸತ್ಯಯುಗ ಬರಬೇಕಿತ್ತು. ಪಂಚನಾಮೆಗೆ ತಲಾಠಿ ಬಂದ. ಇದೇ ಮಾತನ್ನು ಬೀಳಗಿಗೆ ಹೋಗಿ ಹೇಳಿದರೆ ಇನ್ನೂ ಕಷ್ಟ. ಅಲ್ಲಿ ಆಲಮಟ್ಟಿ ಹಿನ್ನೀರಿನಲ್ಲಿ ಹಳ್ಳಿಗಳೇ ಮುಳುಗಿ ಪುನರ್ವಸತಿ ಕೇಂದ್ರಗಳಾಗಿವೆ. ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256ಕ್ಕೆ ಏರಿಸುವ ಮಾತು ಇನ್ನೂ ನಡೆದೇ ಇದೆ. "ಅಣ್ಣಾರ, ನಮ್ಮೂರಿಗೆ ವಿನಾಶ ಆಗಿ ಬಾಳ ವರ್ಷ ಆತು. ಎರಡನೇದ್ದು ಬರೂದೈತಿ ಅಂತಾರ. ಪರಿಹಾರದ ಬಗ್ಗೆ ನಿಮ್ಮ ಪುಸ್ತಕದಾಗ ಏನರ ಬರದಾರೇನು?" ಎಂದು ಅಲ್ಲಿಯವರು ಕೇಳಿದರೆ ಯಾವ ರಾಜಯೋಗಿ ಉತ್ತರ ಕೊಡಬೇಕು?

ಸತ್ಯಯುಗದ ಆರಂಭದಲ್ಲಿ ಭೂಮಿಯ ಮೇಲೆ ಇರುವವರು 9 ಲಕ್ಷ ಮಂದಿ ಮಾತ್ರ ಎಂಬ ಲೆಕ್ಕವೂ ಕಾಕಾನನ್ನು ಕಾಡುತ್ತಿತ್ತು. 2011ರ ಜನಗಣತಿಯಲ್ಲಿ ಬಾಗಲಕೋಟೆ ಜಿಲ್ಲೆಯೊಂದರಲ್ಲೇ 18 ಲಕ್ಷ 89 ಸಾವಿರ ತಲೆ. ಇಡೀ ಜಗತ್ತಿಗೆ 9 ಲಕ್ಷ ಸೀಟಾದರೆ ರಬಕವಿ-ಬನಹಟ್ಟಿಗೆ ಎಷ್ಟು ಬಂದಾವು ಎಂದು ಕಾಗದದ ಮೇಲೆ ಲೆಕ್ಕ ಹಾಕುತ್ತಿದ್ದರು.

ಕೊನೆಗೆ ಕಾಕಾನನ್ನು ಕೆಡವಿದ್ದು ನಾಸ್ತಿಕರಲ್ಲ, ಬೀಗರಲ್ಲ, ಉಳ್ಳಾಗಡ್ಡಿಯೂ ಅಲ್ಲ. ರವಿಕೀರ್ತಿ. ಮೊಮ್ಮಗಳು ಶಾಲೆಯ ಟ್ರಿಪ್ಪಿನಲ್ಲಿ ಐಹೊಳೆಗೆ ಹೋಗಿ ಬಂದಳು. ಅಲ್ಲಿ ಮೇಗುತಿ ಬಸದಿಯ ಗೋಡೆಯ ಮೇಲೆ ಇಮ್ಮಡಿ ಪುಲಕೇಶಿಯ ಕಾಲದ ಶಾಸನ ಇದೆಯಲ್ಲ, ಕ್ರಿ.ಶ. 634ರದ್ದು, ಅದರಲ್ಲಿ ಕವಿ ರವಿಕೀರ್ತಿ, ಭಾರತಯುದ್ಧ ನಡೆದು 3735 ವರ್ಷವಾಯಿತು ಎಂದು ಕೊರೆಸಿದ್ದಾನೆ. ಹುಡುಗಿ ನೋಟುಬುಕ್ಕಿನಲ್ಲಿ ಬರೆದುಕೊಂಡು ಬಂದಿದ್ದಳು. ಮಹಾಭಾರತ ಯುದ್ಧ ಆಗಿ 5000 ವರ್ಷ, ಈಗ ಮತ್ತೆ ಅದೇ ಹೊತ್ತು ಎಂದು ಅಜ್ಜ ದಿನಾ ಹೇಳುವುದು ಅವಳಿಗೆ ಬಾಯಿಪಾಠವಾಗಿತ್ತು. ಕೂಡಿಸಿ ಕಳೆದು ಹೇಳಿದಳು: "ಅಜ್ಜಾ, ಐದ ಸಾವಿರ ವರ್ಷ 1899ಕ್ಕ ಮುಗದಾವು. ನಿಮ್ಮ ವಿನಾಶದ ಡೇಟ್ ಹೋಗೇತಿ."

ಕಾಕಾ ತಾವೂ ಕೂಡಿಸಿ ನೋಡಿದರು. ನೂಲಿನ ಲೆಕ್ಕ ಮಾಡಿ ಪಳಗಿದ ಕೈ, ತಪ್ಪುವುದಿಲ್ಲ. ಕವಿಯ ಲೆಕ್ಕವೂ ಪುರಾಣದ್ದೇ ಎಂದು ಯಾರಾದರೂ ಹೇಳಬಹುದಿತ್ತು. ಆದರೆ ಕಲ್ಲಿನ ಮೇಲೆ ಬರೆದದ್ದಕ್ಕೆ ನಮ್ಮ ಜಿಲ್ಲೆಯಲ್ಲಿ ಮರ್ಯಾದೆ ಜಾಸ್ತಿ. ಕ್ಲಾಸಿನಲ್ಲಿ ಕೇಳಿದರು. ಅಕ್ಕನವರು ನಕ್ಕು ಕೈಯಲ್ಲಿ ಟೋಲಿ ಇಟ್ಟರು. ಟೋಲಿ ಎಂದರೆ ಸಿಹಿ ಪ್ರಸಾದ. ಕಾಕಾ ಅದನ್ನು ತಿಂದರು, ಮರುದಿನದಿಂದ ಹೋಗಲಿಲ್ಲ.

ಇಲ್ಲೇ ನಮ್ಮವರ ತೊಡಕು. ಅಮೆರಿಕದ ಊಟಾದ ಮಾರ್ಮನ್ ಪಂಥದವರನ್ನು ನೋಡಿ. ಜೋಸೆಫ್ ಸ್ಮಿತ್ 1830ರಲ್ಲಿ ಕಟ್ಟಿದ ಚರ್ಚು. ಚಹಾ, ಕಾಫಿ, ದಾರು ಮುಟ್ಟುವಂತಿಲ್ಲ, ಗಳಿಕೆಯಲ್ಲಿ ಹತ್ತರಲ್ಲೊಂದು ಪಾಲು ಕೊಡಬೇಕು. ಬೆಂಗಳೂರಿನಲ್ಲೂ ಅವರ ಚರ್ಚುಗಳಿವೆ. ಬೇಡವಾದವರು ಹೆಸರು ತೆಗೆಯಿರಿ ಎಂದು ಪತ್ರ ಬರೆದು ರಾಜೀನಾಮೆ ಕೊಡಬಹುದು. ನಮ್ಮಲ್ಲಿ ಸೇರುವುದಕ್ಕೆ ನೂರು ದಾರಿ, ಬಿಡುವುದಕ್ಕೆ ಒಂದು ಅರ್ಜಿ ನಮೂನೆಯೂ ಇಲ್ಲ. ಕಾಡಸಿದ್ಧೇಶ್ವರನಿಗೆ ನಡೆದುಕೊಳ್ಳುವವರೇ ಪಂಢರಪುರಕ್ಕೂ ಹೋಗುತ್ತಾರೆ, ಸವದತ್ತಿ ಎಲ್ಲಮ್ಮನಿಗೂ ಹೋಗುತ್ತಾರೆ. ದೇವರನ್ನು ಕೂಡಿಸುವುದು ಗೊತ್ತು, ಕಳೆಯುವುದು ಗೊತ್ತಿಲ್ಲ. ಹಾಗಾಗಿ ಕಾಕಾ ಬಿಟ್ಟರೋ, ರಜೆಯ ಮೇಲಿದ್ದಾರೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಅಕ್ಕನವರ ಫೋನು ಬರುತ್ತದೆ: "ಅಣ್ಣಾ, ಆರಾಮ ಇದ್ದೀರಿ? ನಿಮ್ಮ ಜಾಗ ಹಂಗ ಐತಿ." ಬೈದಿದ್ದರೆ ಕಾಕಾ ತಿರುಗಿ ಬೈದು ಹಗುರಾಗುತ್ತಿದ್ದರು. ಈ ಮೆತ್ತನೆಯ ದನಿಗೆ ಏನು ಮಾಡಬೇಕು?

ನಡುವೆ ಒಮ್ಮೆ ಜಮಖಂಡಿಯ ಗೆಳೆಯರು ಇಂಚಗೇರಿ ಸಂಪ್ರದಾಯದ ಕಡೆ ಎಳೆದರು. 1886ರಲ್ಲಿ ಜಮಖಂಡಿಯಲ್ಲೇ ಹುಟ್ಟಿದ ಗುರುದೇವ ರಾನಡೆ ಅಲಹಾಬಾದ್ ವಿಶ್ವವಿದ್ಯಾಲಯದ ಕುಲಪತಿಯಾದರೂ ನಾಮಸ್ಮರಣೆ ಬಿಡಲಿಲ್ಲ, ಸಂಸಾರವನ್ನೂ ಬಿಡಿಸಲಿಲ್ಲ, ನಾಮ ತಗೊಂಡು ಮನೆಯಲ್ಲೇ ಕೂತು ಮಾಡಿರಿ ಎಂದರು. ಕಾಕಾನಿಗೆ ಹಿಡಿಸಲಿಲ್ಲ. "ಅಲ್ಲಿ ಹಾಜರಿ ತಗೊಳ್ಳಾವ್ರ ಇಲ್ಲಲೇ" ಎಂದರು.

ಈಗಲೂ ನಾಲ್ಕಕ್ಕೆ ಎಚ್ಚರಾಗುತ್ತದೆ. ಏಳುತ್ತಾರೆ, ಮಾಡುವುದಕ್ಕೆ ಏನೂ ಇಲ್ಲ. ಆಕಳನ್ನು ಎಬ್ಬಿಸುತ್ತಾರೆ, ಆಮೇಲೆ ಮನೆಯವರನ್ನು. ಕಪಾಟಿನ ತುಂಬ ಬಿಳಿ ಅಂಗಿ-ಪೈಜಾಮ, ಹರಿಯುವವರೆಗೆ ಹಾಕಲೇಬೇಕು. ಅದನ್ನು ತೊಟ್ಟು ಮುಧೋಳ ಪೇಟೆಯಲ್ಲಿ ನಿಂತರೆ ಅಪರಿಚಿತರು ನಮಸ್ಕಾರ ಹೊಡೆದು, "ಈ ಸಲ ಟಿಕೆಟ್ ಯಾವ ಪಾರ್ಟಿಯಿಂದರೀ?" ಎನ್ನುತ್ತಾರೆ. ಕಬ್ಬಿನ ಹೊಲದಲ್ಲಿ ಅಳಿಯ ಹಟ ಹಿಡಿದು ಬುತ್ತಿ ಬಿಚ್ಚಿ, ಉಳ್ಳಾಗಡ್ಡಿ ಗುದ್ದಿ ಕೈಗೆ ಕೊಟ್ಟ ದಿನ ಕಾಕಾ ಅದನ್ನು ಮೂಸಿದರು, ತಿರುವಿ ನೋಡಿದರು, ಪದರು ಪದರು ಬಿಡಿಸಿದರು, ಒಳಗಿನ ಎಲ್ಲಕ್ಕಿಂತ ಸಣ್ಣ ತಿರುಳನ್ನು ಬಾಯಿಗೆ ಹಾಕಿ ಕಣ್ಣು ಮುಚ್ಚಿದರು. ಧ್ಯಾನವನ್ನು ಕಣ್ಣು ತೆರೆದೇ ಮಾಡಬೇಕೆಂದು ಕಲಿತವರು ಅವರು. ನಂತರ ಪೈಪಿನ ನೀರಿಗೆ ಬಾಯಿ ಮುಕ್ಕಳಿಸುತ್ತಲೇ ನಿಂತರು. ಕಾಕೂನ ದೂರು ಬೇರೆ: "ಅವರು ಬಿಟ್ಟಿದ್ದಕ್ಕ ನನಗ ಒಂದ ನುಕ್ಸಾನ. ಅಡಗಿ ಮತ್ತ ನನ್ನ ಕುತ್ತಿಗಿಗೆ ಬಂತು."

ಅವರ ಮುಂದೆ ಓಂ ಶಾಂತಿಯವರನ್ನು ಬೈಯಲು ಹೋಗಬೇಡಿ. ಆ ಹಕ್ಕು ಅವರದು ಮಾತ್ರ. ಬೇರೆಯವರು ಬಾಯಿ ತೆಗೆದರೆ, "ನಿನಗೇನ್ ತಿಳೀತೈತಿ, ಅಂಥಾ ಶಿಸ್ತು ನಿನ್ನ ಮಠದಾಗ ತೋರ್ಸು" ಎಂದು ಎದ್ದು ನಿಲ್ಲುತ್ತಾರೆ. ಬಿಪಿ ಗುಳಿಗೆ ಕಡಿಮೆಯಾದದ್ದು, ಬಾಯಿಯ ತಂಬಾಕು ಬಿಟ್ಟುಹೋದದ್ದು ಅಲ್ಲಿಯೇ, ಅದನ್ನು ಅವರು ಮರೆತಿಲ್ಲ. ಯಾಕೆ ಬಿಟ್ಟಿರಿ ಎಂದು ಕೇಳುವವರಿಗೂ ಒಂದು ಎಚ್ಚರಿಕೆ: ಮೊದಲ ದಿನ ಆತ್ಮದ ತಪ್ಪು, ಎರಡನೆಯ ದಿನ ಚಕ್ರದ ತಪ್ಪು ಎಂದು ಶುರು ಮಾಡಿ ನೋಟುಬುಕ್ಕು ತರಿಸಿ ಬರೆಸುತ್ತಾರೆ, ಮರುದಿನ ಬರದಿದ್ದರೆ ಫೋನು ಮಾಡುತ್ತಾರೆ. ಏಳು ದಿನ ಬಿಡುವಿದ್ದರೆ ಮಾತ್ರ ಕೇಳಿ.