ಕೊನೆಯ ದೃಶ್ಯದ ಅಭಾವ: ಕತಅ ಸೀಮೆಯ ರಸಮೀಮಾಂಸೆ

ಕಡೂರು, ತರೀಕೆರೆ, ಅಜ್ಜಂಪುರ ಎಂಬ ಮೂರು ತಾಲ್ಲೂಕುಗಳನ್ನು ಇನ್ನು ಮುಂದೆ ‘ಕತಅ’ ಎಂದು ಕರೆಯುತ್ತೇವೆ. ‘ಕಥೆ’ ಎಂಬ ಶಬ್ದಕ್ಕೆ ಇದು ಬಲು ಹತ್ತಿರ. ಮಹಾಪ್ರಾಣ ಒಂದಿಲ್ಲ, ಕೊನೆಯೂ ನೆಟ್ಟಗಿಲ್ಲ. ಈ ಎರಡನೆಯ ಕೊರತೆಯೇ ಪ್ರಸ್ತುತ ಪ್ರಬಂಧದ ವಿಷಯ.

ಮೊದಲು ಲಕ್ಷಣ ನಿರೂಪಣೆ. ಊರಲ್ಲಿ ತೋಟವನ್ನೋ ಅಂಗಡಿಯನ್ನೋ ಮೇಷ್ಟ್ರ ಕೆಲಸವನ್ನೋ ಇಟ್ಟುಕೊಂಡು, ಸುಮಾರು ಇನ್ನೂರು ಕಿಲೋಮೀಟರ್ ಆಚೆಯ ಬೆಂಗಳೂರಿನಲ್ಲಿ ಹಗಲು ಚಿತ್ರಪ್ರದರ್ಶನವನ್ನೂ ರಾತ್ರಿ ನಾಟಕವನ್ನೂ ನೋಡಿ, ಹಾಲು ಕರೆಯುವ ಹೊತ್ತಿಗೆ ಮತ್ತೆ ಮನೆ ಸೇರುವವನೇ ಕತಅ ರಸಿಕ. ಬೆಂಗಳೂರಿನಲ್ಲಿ ತಂಗಿಯ ಮನೆಯಲ್ಲಿ ಉಳಿದುಕೊಳ್ಳುವವನಿಗೆ ಈ ಲಕ್ಷಣ ಅನ್ವಯಿಸದು. ಅವನು ನೆಂಟ, ರಸಿಕನಲ್ಲ.

ಭರತಮುನಿ ರಸಗಳು ಎಂಟು ಎಂದ. ಶಾಂತ ಆಮೇಲೆ ಸೇರಿ ಒಂಬತ್ತಾಯಿತು. ಹತ್ತನೆಯದನ್ನು ನಾವು ಮಂಡಿಸುತ್ತೇವೆ: ರೈಲುರಸ. ಇದರ ಸ್ಥಾಯಿಭಾವ ಗಾಬರಿ. ಆಲಂಬನ ವಿಭಾವ, ರಾತ್ರಿ ಹನ್ನೊಂದರ ಸುಮಾರಿಗೆ ಮೆಜೆಸ್ಟಿಕ್ ಬಿಡುವ ತಾಳಗುಪ್ಪ ರೈಲು. ಉದ್ದೀಪನ ವಿಭಾವ, ‘ಒನ್ ಅಂಡ್ ಹಾಫ್ ಕೊಡಿ ಸಾರ್’ ಎನ್ನುವ ಆಟೋದವನು. ಅನುಭಾವ, ಕತ್ತಲಲ್ಲಿ ಗಡಿಯಾರವನ್ನು ಮೂಗಿಗೆ ತಾಗಿಸಿ ನೋಡುವುದು. ಸಂಚಾರಿ ಭಾವವನ್ನು ಬೇರೆ ವಿವರಿಸಬೇಕಿಲ್ಲ.

ಈ ರಸದ ಉಗಮ ಜೆ.ಪಿ. ನಗರದ ರಂಗಶಂಕರದಲ್ಲಿ. 2004ರಲ್ಲಿ ಬಾಗಿಲು ತೆರೆದ ಆ ರಂಗಮಂದಿರ ಹೆಸರಾಗಿರುವುದು ಬಾಗಿಲು ಮುಚ್ಚುವ ಶಿಸ್ತಿಗೆ. ಏಳೂವರೆ ಎಂದರೆ ಏಳೂವರೆ. ತಡವಾಗಿ ಬಂದವರು ಎಂಥ ಘನವಂತರೇ ಆಗಲಿ, ಕೆಫೆಯ ಅಕ್ಕಿರೊಟ್ಟಿಯಲ್ಲೇ ರಸಾಸ್ವಾದ ಮುಗಿಸಿಕೊಳ್ಳಬೇಕು. ಆದರೆ ಮೊದಲೇ ಎದ್ದು ಹೋಗುವವರ ಬಗ್ಗೆ ಶಾಸ್ತ್ರ ಮೌನ. ಆ ಮೌನದಲ್ಲಿ ನಮ್ಮವರು ಬೆನ್ನು ಬಗ್ಗಿಸಿಕೊಂಡು ಹೊರಬರುತ್ತಾರೆ. ಎರಡು ಗಂಟೆ ಮೀರಿದ ಯಾವ ನಾಟಕದ ಕೊನೆಯನ್ನೂ ಕತಅ ರಸಿಕ ಕಂಡಿಲ್ಲ. 2017ರಲ್ಲಿ ಹಸಿರು ಮಾರ್ಗದ ಮೆಟ್ರೊ ಆ ದಿಕ್ಕಿಗೆ ಬಂದ ಮೇಲೆ ಒಂದು ದೃಶ್ಯ ಹೆಚ್ಚಿಗೆ ದಕ್ಕಿತು. ಕೊನೆಯದಲ್ಲ, ಅದರ ಹಿಂದಿನದು.

ಆಧುನಿಕ ನಾಟಕ ಮುಕ್ತಾಯವನ್ನೇ ನಿರಾಕರಿಸುತ್ತದೆ ಎಂಬ ನಮ್ಮ ಸೀಮೆಯ ಸಿದ್ಧಾಂತ ಹುಟ್ಟಿದ್ದು ಹೀಗೆ. ಗಿರೀಶ ಕಾರ್ನಾಡರ ‘ತುಘಲಕ್’ (1964) ನಾಟಕದ ಸುಲ್ತಾನ ನಿದ್ದೆಯನ್ನೇ ಮಾಡುವುದಿಲ್ಲ ಎಂದು ಕತಅ ವಿಮರ್ಶಕರು ಸಾಧಿಸುತ್ತಾರೆ. ಕೊನೆಯಲ್ಲಿ ಅವನಿಗೆ ನಿದ್ದೆ ಹತ್ತುತ್ತದೆಂದು ಪುಸ್ತಕ ಓದಿಕೊಂಡ ಕೆಲವರು ಆಕ್ಷೇಪ ಎತ್ತಿದ್ದುಂಟು. ಆ ಭಾಗ ಪ್ರಕ್ಷಿಪ್ತವಿರಬೇಕು.

ಪಂಥಭೇದ ಸ್ಟೇಷನ್ನುಗಳ ಅನುಕ್ರಮದಿಂದ ಬಂದದ್ದು. ಮೊದಲು ಇಳಿಯುವವರು ಕಡೂರಿನವರು. ಚರ್ಚೆ ಕಾವೇರುವ ಮೊದಲೇ ಚೀಲ ಹೆಗಲಿಗೇರಿರುತ್ತದೆ. ಹಾಗಾಗಿ ಕಡೂರು ಪಂಥದ್ದು ಸೂತ್ರಶೈಲಿ: ‘ಪರವಾಗಿಲ್ಲ.’ ಒತ್ತಾಯಿಸಿದರೆ, ಜೈಮಿನಿ ಭಾರತದ ಲಕ್ಷ್ಮೀಶ ತಮ್ಮ ತಾಲ್ಲೂಕಿನ ದೇವನೂರಿನವನೆಂದೂ, ಚಂದ್ರಹಾಸನ ಕಥೆಯ ನಂತರ ಹೊಸತೇನೂ ಉಳಿದಿಲ್ಲವೆಂದೂ ಹೇಳಿ ಇಳಿದುಬಿಡುತ್ತಾರೆ. ಅಜ್ಜಂಪುರದವರು ಬೀರೂರು ಜಂಕ್ಷನ್ನಿನಲ್ಲಿ ಇಳಿದು ಬೆಳಗಿನ ಬಸ್ಸಿಗೆ ಕಾಯಬೇಕು. ಕಲ್ಲುಬೆಂಚು, ಚಳಿ, ಕಾಣದೇ ಹೋದ ಕೊನೆಯ ದೃಶ್ಯ. ಭಾಷ್ಯ ಬರೆಯಲು ಇನ್ನೇನು ಬೇಕು? ಒಂದೇ ನಾಟಕಕ್ಕೆ ನಾಲ್ಕು ಮುಕ್ತಾಯ ಕಟ್ಟಿದ್ದನ್ನು ನಾವೇ ಕೇಳಿದ್ದೇವೆ. ನಾಲ್ಕರಲ್ಲೂ ನಾಯಕ ಊರಿಗೆ ವಾಪಸ್ಸು ಬರುತ್ತಾನೆ.

ತರೀಕೆರೆಯವರ ಕಷ್ಟ ಬೇರೆ. ಅವರು ಎಚ್ಚರವಿರಬೇಕು. ಅದಕ್ಕಾಗಿ ತಮ್ಮೂರ ಏರಿಯ ಮೇಲಿನ ಕರಿ ಕುರಿಮರಿಗಳ ನಾಲಿಗೆ ಕಸರತ್ತನ್ನು ಜಪಿಸುತ್ತಾರೆ. ನಾಲಿಗೆ ತೊಡರಿದ್ದೇ ತಡ, ಕಣ್ಣೂ ತೊಡರಿ, ಎಚ್ಚರಾದಾಗ ಭದ್ರಾವತಿ. ತರ್ಕಶಾಸ್ತ್ರದಲ್ಲಿ ಇದಕ್ಕೆ ಅತಿವ್ಯಾಪ್ತಿ ದೋಷ ಎನ್ನುತ್ತಾರೆ. ನಾವು ದೋಷವೆನ್ನುವುದಿಲ್ಲ. ವೆನಿಸ್ ಬಿನಾಲೆಯವರೆಗೆ ಹೋದ ಕಲಾವಿದೆ ಶೀಲಾ ಗೌಡ ಹುಟ್ಟಿದ್ದು ಆ ಭದ್ರಾವತಿಯಲ್ಲೇ, 1957ರಲ್ಲಿ. ಹಗಲೆಲ್ಲ ಬೆಂಗಳೂರು ಸುತ್ತಿ ಹುಡುಕಿದ ಸಮಕಾಲೀನ ಕಲೆಯ ಮೂಲಸ್ಥಾನಕ್ಕೆ ತರೀಕೆರೆಯವನು ನಿದ್ದೆಯಲ್ಲೇ ತಲುಪಿದನೆಂದಾಯಿತು.

ಶೀಲಾ ಗೌಡರು ಸಗಣಿಯಲ್ಲಿ ಕಲಾಕೃತಿ ಮಾಡಿದರೆಂಬ ಸುದ್ದಿ ಅಜ್ಜಂಪುರದಲ್ಲಿ ಎಬ್ಬಿಸಿದ ಸಂಚಲನವನ್ನೂ ದಾಖಲಿಸಬೇಕು. ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರವಿರುವ ಊರು ಅದು, ಮಾಧ್ಯಮಕ್ಕೆ ಬರವಿಲ್ಲ. ಅವರ 2009ರ ‘ಬಿಹೋಲ್ಡ್’ ಕೃತಿಯಲ್ಲಿ ಮನುಷ್ಯರ ಕೂದಲಿನಿಂದ ಹೊಸೆದ ಸುಮಾರು 4,000 ಮೀಟರ್ ಹಗ್ಗ ಕಾರಿನ ಬಂಪರುಗಳನ್ನು ಹೊತ್ತು ನೇತಾಡುತ್ತದೆ. ದೃಷ್ಟಿಯಾಗದಿರಲೆಂದು ಲಾರಿ ಬಂಪರಿಗೆ ಕೂದಲ ಹಗ್ಗ ಕಟ್ಟುವುದು ನಮ್ಮವರಿಗೆ ಗೊತ್ತು. ಹಗ್ಗಕ್ಕೇ ಬಂಪರು ಕಟ್ಟಿದ್ದು ಹೊಸದು, ಅದನ್ನು ಒಪ್ಪಿದ್ದಾರೆ.

ಎಲ್ಲವನ್ನೂ ಒಪ್ಪುವುದಿಲ್ಲ. ಹೆಸರು ಹೇಳಬಾರದ ಒಂದು ಗ್ಯಾಲರಿಗೆ ಅಜ್ಜಂಪುರದ ಈರುಳ್ಳಿ ಮಂಡಿಯ ನಮ್ಮ ಭಾವನವರನ್ನು ಕರೆದೊಯ್ದಿದ್ದೆವು. ಮೂಲೆಯಲ್ಲಿ ಗೋಣಿಚೀಲದ ಒಟ್ಟಲು, ಮೇಲೊಂದು ದೀಪ.

‘ಭಾವ, ಇದು ಇನ್‌ಸ್ಟಲೇಶನ್.’

‘ಹಂಗಂತೀಯಾ? ಮಳೆ ಬಂದ್ರೆ ನಮ್ಮ ಮಂಡೀಲಿ ಇಂಥವು ನೂರು ನಿಲ್ತವೆ ಕಣಯ್ಯ. ಟಾರ್ಪಾಲು ಹೊದಿಸೋದು ಬಿಟ್ಟು ದೀಪ ಹಾಕವ್ರಲ್ಲ!’

ಇಷ್ಟು ಖಚಿತವಾದ ವಿಮರ್ಶೆಯನ್ನು ನಾವು ಆ ವರ್ಷ ಬೇರೆಲ್ಲೂ ಓದಲಿಲ್ಲ. ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ ಮಾತ್ರ ಭಾವನವರಿಗೆ ಪೂರ್ತಿ ಹಿಡಿಸಿತು. ಕುಮಾರಕೃಪಾ ರಸ್ತೆಯ ಉದ್ದಕ್ಕೂ ನಡೆದು ಅವರು ಹೇಳಿದ್ದು: ‘ಸಂತೆ ಅಂದ್ಮೇಲೆ ಚೌಕಾಸಿ ಮಾಡಬಹುದು.’ ಮಾಣಿಕ್ಯವೇಲು ಮಹಲಿನ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯಕ್ಕೆ ಸೋಮವಾರ ರಜೆ. ರಂಗಶಂಕರಕ್ಕೂ ಸೋಮವಾರವೇ. ಸೋಮವಾರ ಹೋದವರ ಅನುಭವವನ್ನು ಇಲ್ಲಿ ವಿಸ್ತರಿಸುವುದಿಲ್ಲ; ಆವತ್ತು ರೈಲು ಮಾತ್ರ ಆರಾಮವಾಗಿ ಸಿಕ್ಕಿತು.

ಕೊನೆ ಕಾಣದ ಈ ಪರಂಪರೆಗೆ ಪ್ರಾಚೀನ ಆಧಾರವಿದೆಯೇ? ಇದೆ. ತರೀಕೆರೆ ಬಳಿಯ ಅಮೃತಪುರದಲ್ಲಿ 1196ರ ಅಮೃತೇಶ್ವರ ದೇವಾಲಯವಿದೆ; ರೂವಾರಿ ಮಲ್ಲಿತಮ್ಮ ಕೆಲಸ ಮಾಡಿದ ಗುಡಿ. ಹೊರಗೋಡೆಯಲ್ಲಿ 140 ಕಥಾಫಲಕಗಳು. ಅವುಗಳಲ್ಲಿ 70 ರಾಮಾಯಣದವು, ದಕ್ಷಿಣ ಗೋಡೆಯಲ್ಲಿ. ಹೊಯ್ಸಳರ ವಾಡಿಕೆಗೆ ವ್ಯತಿರಿಕ್ತವಾಗಿ ಅಲ್ಲಿ ಕಥೆ ಅಪ್ರದಕ್ಷಿಣವಾಗಿ ಸಾಗುತ್ತದೆ. ಅಂದರೆ ಪ್ರದಕ್ಷಿಣೆ ಹೊರಟ ಭಕ್ತನಿಗೆ ರಾಮಾಯಣದ ಕೊನೆ ಮೊದಲು ಕಾಣಿಸುತ್ತದೆ. ಎಂಟು ನೂರು ವರ್ಷಗಳಾಚೆಯೇ ಯಾರೋ ನಮ್ಮ ರೈಲಿನ ವೇಳೆಯನ್ನು ಊಹಿಸಿ, ಮುಕ್ತಾಯವನ್ನು ಮುಂಗಡ ಕೊಟ್ಟಿಟ್ಟಿದ್ದರು ಎಂಬುದು ನಮ್ಮ ತೀರ್ಮಾನ. ಇತಿಹಾಸಕಾರರು ಒಪ್ಪಿಲ್ಲ.

ಒಂದು ಪ್ರತಿಕೂಲ ಸಾಕ್ಷ್ಯವನ್ನು ಮುಚ್ಚಿಡಲಾರೆವು. ಅಜ್ಜಂಪುರದಿಂದ ಕೂಗಳತೆಯಲ್ಲದಿದ್ದರೂ ಬೈಕಳತೆಯಲ್ಲಿ, ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿ ಇದೆ. ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿಯವರು ಅಲ್ಲಿ ಕಟ್ಟಿದ ಶಿವಸಂಚಾರ ತಂಡ 1997ರಿಂದ ನಾಡು ಸುತ್ತುತ್ತಿದೆ. ನವೆಂಬರ್ ಬಂತೆಂದರೆ ಅಲ್ಲಿನ ಬಯಲು ರಂಗಮಂದಿರದಲ್ಲಿ ನಾಟಕೋತ್ಸವ. ಹೋದೆವು. ಒಂಬತ್ತೂಕಾಲಕ್ಕೆ ಅಭ್ಯಾಸಬಲದಿಂದ ಎದ್ದು, ಬೆನ್ನು ಬಗ್ಗಿಸಿ, ಮೆಟ್ಟಿಲು ಹತ್ತತೊಡಗಿದೆವು. ಭಾವನವರು ಪಂಚೆಯ ತುದಿ ಹಿಡಿದು ಜಗ್ಗಿದರು: ‘ಎಲ್ಲಿಗಯ್ಯ? ಇಲ್ಲಿ ರೈಲಿಲ್ಲ. ಕೂತ್ಕೊ.’

ಕೂತೆವು. ನಾಟಕ ಮುಗಿಯಿತು. ಅದಕ್ಕೊಂದು ಕೊನೆಯಿತ್ತು, ಚೆನ್ನಾಗಿಯೂ ಇತ್ತು. ನಮ್ಮ ಸಿದ್ಧಾಂತಕ್ಕೆ ಹೊಂದದ ಕಾರಣ ಅದನ್ನು ಅಪವಾದವೆಂದು ಗುರುತಿಸಿ ಕೈಬಿಟ್ಟಿದ್ದೇವೆ.

ಓದುಗರಲ್ಲಿ ಒಂದು ವಿನಂತಿ. ಬೆಂಗಳೂರಿನಲ್ಲಿ ಯಾವುದಾದರೂ ನಾಟಕದ ಕೊನೆಯ ದೃಶ್ಯವನ್ನು ಕಣ್ಣಾರೆ ಕಂಡವರಿದ್ದರೆ ದಯವಿಟ್ಟು ಬಂದು ತಿಳಿಸಿ. ರಾತ್ರಿ ರೈಲು ಹೋದ ಮೇಲೆ ಬೆಳಗಿನ ಬಸ್ಸು ಬರುವವರೆಗೆ ಬೀರೂರು ಜಂಕ್ಷನ್ನಿನ ಕಲ್ಲುಬೆಂಚಿನಲ್ಲಿ ಸಿಗುತ್ತೇವೆ. ಕಾಫಿ ನಮ್ಮದು.