ಒಂದೂವರೆ ಗಂಟೆಯ ಪ್ರಯಾಣಿಕರು

ಇಂಗ್ಲೆಂಡಿನ ರೆಡಿಂಗ್, ಸ್ಲೌ, ಮಿಲ್ಟನ್ ಕೀನ್ಸ್ ಕಡೆಯ ಕನ್ನಡಿಗರ ಯಾವ ಕೂಟಕ್ಕೆ ಹೋದರೂ ಇವರು ಸಿಗುತ್ತಾರೆ. ಯುಗಾದಿ ಊಟದ ಸಾಲಿನಲ್ಲಿ ನಿಂತಿರುತ್ತಾರೆ. ತಟ್ಟೆಗೆ ಪುಳಿಯೋಗರೆ ಬೀಳುವಷ್ಟರಲ್ಲಿ ಮಾತು ಆಗಸ್ಟ್ ತಿಂಗಳಿಗೆ ಹೋಗಿರುತ್ತದೆ. "ಈ ಸಲ ಸ್ವಿಟ್ಜರ್ಲೆಂಡಿಗೆ ಕಾರಲ್ಲೇ ಹೊರಟಿದೀವಿ ಸಾರ್. ಡೋವರಿಂದ ಫೆರ್ರಿ." ಕೇಳಿದವರು "ಚೆನ್ನಾಗಿರುತ್ತೆ ಬಿಡಿ" ಎಂದು ಪಾಯಸದ ಕಡೆ ಸರಿಯಲು ನೋಡುತ್ತಾರೆ. ಆಗುವುದಿಲ್ಲ. ಅಷ್ಟರಲ್ಲಿ ಮೊಬೈಲು ಜೇಬಿನಿಂದ ಹೊರಬಂದು ಎಕ್ಸೆಲ್ ಶೀಟು ತೆರೆದುಕೊಂಡಿರುತ್ತದೆ: ರೂಟ್, ಹೋಟೆಲ್, ಟೋಲ್, ವೀಸಾ, ಊಟ, ಕೊನೆಯಲ್ಲಿ ಹಳದಿ ಬಳಿದ ಫೆರ್ರಿ ಹಾಳೆ. ಇಂಥವರನ್ನು ಸದ್ಯಕ್ಕೆ ಯೋಜಕರು ಎನ್ನೋಣ. ಬೆನ್ನ ಹಿಂದೆ ಜನ ಇವರನ್ನು ಪುಕ್ಕಲರು ಅನ್ನುತ್ತಾರೆ, ಜಿಪುಣರು ಅನ್ನುತ್ತಾರೆ, ಮಾಡಲು ಬೇರೆ ಕೆಲಸವಿಲ್ಲ ಅನ್ನುತ್ತಾರೆ. ಮೂರೂ ಸರಿಯಿಲ್ಲ ಎಂಬುದು ನನ್ನ ವಾದ. ದಾರಿಯಲ್ಲಿ ಏನಾದರೂ ಆಗಿಬಿಟ್ಟೀತು ಎಂಬ ಅಂಜಿಕೆ ಇವರಿಗಿಲ್ಲ. ಆಗುವುದೇನಿದ್ದರೂ ತಮ್ಮ ಕೈಯಿಂದಲೇ ಆಗಬೇಕು, ಅಷ್ಟೆ. ಇದಕ್ಕೆ ಸಾಕ್ಷಿ ಆ ಹಳದಿ ಹಾಳೆ.

ಡೋವರಿನಿಂದ ಕ್ಯಾಲೆಗೆ ಕಡಲು ದಾಟಲು ಸುಮಾರು ಒಂದೂವರೆ ಗಂಟೆ. ಕ್ಯಾಲೆಯಿಂದ ಇಂಟರ್‌ಲಾಕೆನ್‌ಗೆ 800 ಕಿಲೋಮೀಟರಿಗೂ ಮೇಲೆ. ನ್ಯಾಯವಾಗಿ ಚಿಂತೆಯ ದೊಡ್ಡ ಪಾಲು ಈ ರಸ್ತೆಗೆ ಸಲ್ಲಬೇಕು. ಅಲ್ಲಿ ಬಲಗಡೆ ಓಡಿಸಬೇಕು, ವೃತ್ತಗಳನ್ನು ಉಲ್ಟಾ ಸುತ್ತಬೇಕು. ಕಾರಿನ ಮುಳ್ಳು ಮೈಲಿ ತೋರಿಸಿದರೆ ರಸ್ತೆಯ ಫಲಕ ಕಿಲೋಮೀಟರು ಹೇಳುತ್ತದೆ. ಫ್ರಾನ್ಸಿನ ಮೋಟಾರುದಾರಿಯಲ್ಲಿ ಮಳೆ ಶುರುವಾದರೆ ಮಿತಿ 130ರಿಂದ 110ಕ್ಕೆ ಇಳಿಯುತ್ತದೆ. ಇಷ್ಟಕ್ಕೂ ಶೀಟಿನಲ್ಲಿ ನಾಲ್ಕೇ ಸಾಲು. ಫೆರ್ರಿಗೆ ಮಾತ್ರ ಇಡೀ ಹಾಳೆ. ಕ್ಯಾಲೆ ಬೇಡವೆಂದರೆ ಎರಡು ಗಂಟೆಯ ಡನ್‌ಕರ್ಕ್ ಹಡಗು, ಅದೂ ಬೇಡವೆಂದರೆ ನ್ಯೂಹೇವನ್‌ನಿಂದ ನಾಲ್ಕು ಗಂಟೆಯ ದಿಯೆಪ್, ಹಾರಿಜ್‌ನಿಂದ ಹುಕ್ ಆಫ್ ಹಾಲೆಂಡಿಗೆ ರಾತ್ರಿ ಹಡಗು, ಹಲ್‌ನಿಂದ ರಾಟರ್‌ಡ್ಯಾಮ್, ಆಮ್‌ಸ್ಟರ್‌ಡ್ಯಾಮ್ ಎಂದು ಟಿಕೆಟ್ ಕೊಟ್ಟು ಐಮೌಡನ್‌ನಲ್ಲಿ ಇಳಿಸುವ ನ್ಯೂಕ್ಯಾಸಲ್ ಹಡಗು. ದಕ್ಷಿಣಕ್ಕೆ ಹೋಗಬೇಕಾದ ರೆಡಿಂಗಿನ ಸಂಸಾರ ಉತ್ತರಕ್ಕೆ ಸುಮಾರು 300 ಮೈಲಿ ಹೋಗಿ ಹಡಗು ಹತ್ತುವುದುಂಟೇ? ಇಲ್ಲ. ಆದರೂ ಕಾಲಂ ಖಾಲಿ ಬಿಡಬಾರದು. ಟಿಕೆಟ್ ಕಾದಿರಿಸುವಾಗ ಗಾಡಿಯ ಎತ್ತರ ಕೇಳುತ್ತಾರಲ್ಲ, ಅದಕ್ಕೆ ಒಂದು ಭಾನುವಾರ ಬೆಳಗ್ಗೆ ಮನೆ ಮುಂದೆ ಟೇಪು ಹಿಡಿದು ಅಳತೆಯಾಗುತ್ತದೆ. ಟೇಪಿನ ಇನ್ನೊಂದು ತುದಿ ಹಿಡಿದು ಚಪ್ಪಲಿಯಲ್ಲಿ ನಿಂತ ಹೆಂಡತಿ "ರೀ, ಒಲೆ ಮೇಲೆ ಸಾರಿದೆ" ಎನ್ನುತ್ತಿರುತ್ತಾರೆ. ಮೇಲೆ ಕೂರಿಸುವ ರೂಫ್ ಬಾಕ್ಸನ್ನು ಇನ್ನೂ ಕೊಂಡಿರುವುದಿಲ್ಲ. ಕ್ಯಾಟಲಾಗಿನಲ್ಲಿ ನೋಡಿದ ಎತ್ತರವನ್ನು ಕೂಡಿಸಿಕೊಳ್ಳುತ್ತಾರೆ.

ಒಂದೂವರೆ ಗಂಟೆಗೆ ಇಷ್ಟೇಕೆ? ರಸ್ತೆಯಲ್ಲಿ ತಪ್ಪಿದರೆ ಮುಂದಿನ ತಿರುವಿನಲ್ಲಿ ತಿರುಗಿಸಬಹುದು, ಸ್ಟೀರಿಂಗು ಕೈಯಲ್ಲಿದೆ. ಹಡಗಿನಲ್ಲಿ ಯಾರೋ ಕೈಬೀಸಿ ಕಾರನ್ನು ಇನ್ನೊಂದು ಕಾರಿಗೆ ಗೇಣು ಅಂತರದಲ್ಲಿ ನಿಲ್ಲಿಸುತ್ತಾರೆ, ಹ್ಯಾಂಡ್‌ಬ್ರೇಕ್ ಎಳೆಯಿರಿ ಎನ್ನುತ್ತಾರೆ, ಆಮೇಲೆ ಎಲ್ಲರೂ ಮೇಲಕ್ಕೆ ನಡೆಯಿರಿ ಎನ್ನುತ್ತಾರೆ. ಹಡಗು ಸಾಗುವಾಗ ಕಾರಿನ ಅಂತಸ್ತಿನಲ್ಲಿ ಪ್ರಯಾಣಿಕರು ಇರುವಂತಿಲ್ಲ. ತಿಂಗಳುಗಟ್ಟಲೆ ತಾವೇ ಸೂತ್ರಧಾರರಾಗಿದ್ದ ಯೋಜಕರು ಕೈಚೀಲ ಹಿಡಿದು ಮೆಟ್ಟಿಲು ಹತ್ತುವ ನೂರಾರು ಜನರಲ್ಲಿ ಒಬ್ಬರಾಗುತ್ತಾರೆ. ಇದನ್ನು ಅಲುಗಾಟದ ಹೆದರಿಕೆ, ವಾಂತಿಯ ಹೆದರಿಕೆ ಎಂದು ತಳ್ಳಿಹಾಕುವವರು ಸುರಂಗದ ಬಗ್ಗೆ ಇವರು ಏನನ್ನುತ್ತಾರೆ ಕೇಳಬೇಕು. 1994ರಲ್ಲಿ ತೆರೆದ ಚಾನೆಲ್ ಸುರಂಗದಲ್ಲಿ ಕಾರನ್ನು ರೈಲಿಗೆ ಏರಿಸಿ 35 ನಿಮಿಷದಲ್ಲಿ ಆಚೆ ದಡ ಸೇರಿಸುತ್ತಾರೆ. ಅಲ್ಲಿಯೂ ಗಾಡಿ ಓಡಿಸುವವರು ಬೇರೆಯವರೇ, ಮೇಲೆ ಕಡಲೂ ಇದೆ. ಆದರೆ ಅಲ್ಲಿ ತಮ್ಮ ಸೀಟಿನಲ್ಲೇ ಕೂತಿರಬಹುದು, ಎರಡು ಕೈಯನ್ನೂ ಸ್ಟೀರಿಂಗಿನ ಮೇಲೆ ಇಟ್ಟುಕೊಂಡು. ಸುರಂಗದ ಮಾತು ಬಂದಾಗ ಯೋಜಕರ ಮುಖ ಅರಳುವುದು ಇದಕ್ಕೆ. ಕೊನೆಗೆ ಫೆರ್ರಿಯನ್ನೇ ಆರಿಸುವುದು ಮಕ್ಕಳು ಹಡಗು ನೋಡಬೇಕೆಂದು ಹಟ ಹಿಡಿದದ್ದರಿಂದ. ದರವೂ ಸ್ವಲ್ಪ ಕಡಿಮೆ ಕಂಡಿರುತ್ತದೆ, ಆ ಸತ್ಯವನ್ನು ಮುಚ್ಚಿಡಬಾರದು.

ಇಲ್ಲಿ ಒಂದು ಗಟ್ಟಿ ಆಕ್ಷೇಪಣೆ ಇದೆ. ಭಾರತದ ಪಾಸ್‌ಪೋರ್ಟು ಹಿಡಿದವರನ್ನು ಯೋಜಕರನ್ನಾಗಿ ಮಾಡಿದ್ದೇ ಷೆಂಗೆನ್ ವೀಸಾ, ಪಾಪ ಅವರದೇನು ತಪ್ಪು? ಮಾತು ಸುಳ್ಳಲ್ಲ. ಪಕ್ಕದ ಮನೆಯ ಇಂಗ್ಲಿಷಿನವರು ಶುಕ್ರವಾರ ಸಂಜೆ ಮನಸ್ಸು ಮಾಡಿ ಶನಿವಾರ ಹಡಗು ಹತ್ತಬಹುದು. ಇವರು 2024ರ ಜೂನಿನಿಂದ ದೊಡ್ಡವರಿಗೆ ತಲೆಗೆ 90 ಯೂರೊ ಆಗಿರುವ ಶುಲ್ಕ ಕಟ್ಟಬೇಕು, 30,000 ಯೂರೊಗೆ ಕಡಿಮೆಯಿಲ್ಲದ ವಿಮೆ ತೋರಿಸಬೇಕು, ಯಾವ ರಾತ್ರಿ ಎಲ್ಲಿ ಮಲಗುತ್ತೀರಿ ಎಂಬುದಕ್ಕೆ ಕಾಗದ ಇಡಬೇಕು. ಯಾವ ದೇಶದಲ್ಲಿ ಹೆಚ್ಚು ದಿನವೋ ಆ ದೇಶಕ್ಕೆ ಅರ್ಜಿ, ಸಮ ಬಂದರೆ ಮೊದಲು ಕಾಲಿಡುವ ದೇಶಕ್ಕೆ. ಹಾಗಾಗಿ ಫ್ರಾನ್ಸಿನ ವೀಸಾಕ್ಕೆ ಅಪಾಯಿಂಟ್‌ಮೆಂಟು ಬೇಗ ಸಿಕ್ಕಿದರೆ ಸ್ವಿಟ್ಜರ್ಲೆಂಡಿನ ಒಂದು ರಾತ್ರಿ ಗಡಿ ದಾಟಿ ಫ್ರಾನ್ಸಿಗೆ ಬಂದು ಮಲಗುತ್ತದೆ. ಅಜ್ಜಂದಿರ ಕಾಲದಲ್ಲಿ ಸಮುದ್ರ ದಾಟಿ ಬಂದವರು ಆಮೇಲೆ ಪ್ರಾಯಶ್ಚಿತ್ತ ಮಾಡಿಕೊಳ್ಳುತ್ತಿದ್ದರು. ಈಗ ದಕ್ಷಿಣೆ, ಮಂತ್ರ, ಹೋಮ ಎಲ್ಲವೂ ದಾಟುವ ಮೊದಲೇ ಮುಗಿಯಬೇಕು. ಇಷ್ಟನ್ನೂ ಒಪ್ಪೋಣ. ಆದರೆ ವೀಸಾ ಕಚೇರಿ ಕೇಳಿದ್ದು ಎಲ್ಲಿ ಮಲಗುತ್ತೀರಿ ಎಂದು. ರೀಮ್ಸ್‌ನಲ್ಲಿ ಕಾಫಿ 11.40ಕ್ಕೋ 11.55ಕ್ಕೋ ಎಂದು ಅದು ಕೇಳಿಲ್ಲ. ಅದೇ ರೀಮ್ಸ್‌ನಲ್ಲಿ ಫ್ರಾನ್ಸಿನ ದೊರೆಗಳಿಗೆ ಕಿರೀಟ ತೊಡಿಸುತ್ತಿದ್ದ ಕೆಥೆಡ್ರಲ್‌ಗೆ 25 ನಿಮಿಷ ಎಂದು ಬರೆದುಕೊಳ್ಳಿ ಎಂದೂ ಹೇಳಿಲ್ಲ. ಅದಕ್ಕಿಂತ ದೊಡ್ಡ ಸಾಕ್ಷಿ ಬ್ರಿಟಿಷ್ ಪಾಸ್‌ಪೋರ್ಟು ಪಡೆದ ಯೋಜಕರು. ಅವರಿಗೆ ವೀಸಾ ಬೇಡ, 180 ದಿನಗಳಲ್ಲಿ 90 ದಿನ ಓಡಾಡಬಹುದು. ಶೀಟು ಹೋಯಿತೇ? ಒಂಬತ್ತು ದಿನದ ಪ್ರವಾಸ 90 ದಿನವನ್ನು ಮೀರುವುದಿಲ್ಲ ಎಂದು ಲೆಕ್ಕ ಹಾಕಿ ತೋರಿಸುವ ಹೊಸ ಕಾಲಂ ಸೇರಿತು.

ಸಂಸಾರ ಕಟ್ಟಿಕೊಂಡು ಹೋಗುವವರಿಗೆ ಜವಾಬ್ದಾರಿ ಇರುತ್ತದೆ, ಊರಿನಿಂದ ಅಪ್ಪ ಅಮ್ಮ ಬಂದಿರುತ್ತಾರೆ, ಅದಕ್ಕೆ ಇಷ್ಟೆಲ್ಲ ಎನ್ನುವವರೂ ಇದ್ದಾರೆ. ಹಾಗಿದ್ದರೆ ಆ ಜವಾಬ್ದಾರಿ ಯಾರ ತಲೆಯ ಮೇಲಿದೆ ನೋಡೋಣ. ಅತ್ತೆಯ ಬಿಪಿ ಮಾತ್ರೆ, ಮಗುವಿನ ಬೆಚ್ಚನೆ ಬಟ್ಟೆ, ಚಟ್ನಿಪುಡಿ, ಅವಲಕ್ಕಿ, ಪುಟ್ಟ ರೈಸ್ ಕುಕ್ಕರು, ಇವೆಲ್ಲ ಹೆಂಡತಿಯ ತಲೆಯಲ್ಲೇ ಇದ್ದು, ಯಾವ ಹಾಳೆಯನ್ನೂ ಏರದೆ, ಹೊರಡುವ ಹಿಂದಿನ ರಾತ್ರಿ ಡಿಕ್ಕಿ ಸೇರುತ್ತವೆ. ಯೋಜಕರ 'ಊಟ' ಹಾಳೆಯಲ್ಲಿರುವುದು ಕಾನೂನು. ಬ್ರಿಟನ್ ಯುರೋಪಿನ ಒಕ್ಕೂಟದ ವ್ಯವಸ್ಥೆಯಿಂದ ಹೊರಬಿದ್ದ 2021ರ ಜನವರಿಯಿಂದ ಅಲ್ಲಿಗೆ ಹೋಗುವವರು ಮಾಂಸವನ್ನಾಗಲಿ ಹಾಲಿನ ಪದಾರ್ಥವನ್ನಾಗಲಿ ಒಯ್ಯುವಂತಿಲ್ಲ. ಆ ತಿಂಗಳೇ ಹುಕ್ ಆಫ್ ಹಾಲೆಂಡಿನಲ್ಲಿ ಡಚ್ ಅಧಿಕಾರಿಗಳು ಚಾಲಕರ ಹ್ಯಾಮ್ ಸ್ಯಾಂಡ್‌ವಿಚ್ ಕಿತ್ತುಕೊಂಡದ್ದು ಟೀವಿಯಲ್ಲೂ ಬಂತು. ಮೊಸರನ್ನ ಬಿಟ್ಟು ಮೈಲಿ ದಾಟದ ಜನಕ್ಕೆ ಇದು ಸಣ್ಣ ಸಂಗತಿಯಲ್ಲ. ತುಪ್ಪದ ಡಬ್ಬಿ ಕಾರಿನಿಂದ ಇಳಿಯುತ್ತದೆ. ಮೈಸೂರು ಪಾಕಿನಲ್ಲಿರುವ ತುಪ್ಪ ಹಾಲಿನ ಪದಾರ್ಥವೋ ಸಿಹಿತಿಂಡಿಯೋ ಎಂಬ ಜಿಜ್ಞಾಸೆ ಎರಡು ಸಂಜೆ ನಡೆಯುತ್ತದೆ. ಅತ್ತೆ ಅದನ್ನು ಡೋವರಿನ ಸಾಲಿನಲ್ಲೇ ಎಲ್ಲರಿಗೂ ಹಂಚಿ ತೀರ್ಪು ಕೊಡುತ್ತಾರೆ. ರೈಸ್ ಕುಕ್ಕರಿನ ಮೂರು ಪಿನ್ನಿಗೆ ಆಚೆ ದಡದ ಗೋಡೆಯಲ್ಲಿ ತೂತು ಇಲ್ಲವೆಂದು ಅಡಾಪ್ಟರು ಇಟ್ಟುಕೊಂಡವರೂ ಅವರ ಸೊಸೆಯೇ. ಬಲಗಡೆ ಸ್ಟೀರಿಂಗಿನ ಕಾರು ಫ್ರಾನ್ಸಿನ ಟೋಲಿಗೆ ಬಂದಾಗ ದುಡ್ಡಿನ ಯಂತ್ರ ಎಡಗಡೆ, ಅಂದರೆ ಹೆಂಡತಿಯ ಕಿಟಕಿಗೆ ಬರುತ್ತದೆ. "ರೀ, ಇನ್ನೂ ಸ್ವಲ್ಪ ಹತ್ತಿರ ತಗೊಳ್ಳಿ, ಕೈ ಎಟುಕ್ತಿಲ್ಲ" ಎನ್ನುತ್ತ ಸೊಂಟದವರೆಗೆ ಹೊರಬಾಗಿ ಕಾರ್ಡು ಒತ್ತುವವರು ಆಕೆ. ಶೀಟಿನಲ್ಲಿ ಆ ಸಾಲಿನ ಮುಂದೆ 'ನಾನು' ಎಂದಿರುತ್ತದೆ.

ಪ್ರವಾಸ ಎಂದರೆ ಗೊತ್ತುಗುರಿಯಿಲ್ಲದೆ ಹೊರಡುವುದು ಎಂದು ಉಪದೇಶ ಮಾಡುವ ಇನ್ನೊಂದು ಪಂಗಡದ ಜೊತೆ ನಾನು ಸೇರಲಾರೆ. ಹೆಡ್‌ಲೈಟಿಗೆ ಸ್ಟಿಕ್ಕರು ಅಂಟಿಸದೆ ಹೋಗಿ ಎದುರಿನವರ ಕಣ್ಣು ಕುಕ್ಕುವುದು, 2021ರ ಸೆಪ್ಟೆಂಬರಿನಲ್ಲೇ ಯುಕೆ ಎಂದು ಬದಲಾದ ಫಲಕದ ಜಾಗದಲ್ಲಿ ಹಳೆಯ ಜಿಬಿ ಅಂಟಿಸಿಕೊಂಡು ಹೋಗುವುದು ಸ್ವಾತಂತ್ರ್ಯವಲ್ಲ, ಅಸಡ್ಡೆ. ಯೋಜಕರು ಇದನ್ನೆಲ್ಲ ಸರಿಯಾಗಿ ಮಾಡುತ್ತಾರೆ. ಫ್ರಾನ್ಸ್ 2020ರಲ್ಲೇ ಕೈಬಿಟ್ಟ ಬ್ರೆತ್‌ಲೈಸರ್ ಕಾರಿನಲ್ಲಿರಬೇಕೆಂಬ ನಿಯಮಕ್ಕೂ ಎರಡು ಕಿಟ್ ಇಟ್ಟುಕೊಳ್ಳುತ್ತಾರೆ, ಮದ್ಯ ಮುಟ್ಟದವರಾದರೂ. ನನ್ನ ತಕರಾರು ಲೆಕ್ಕಾಚಾರದ ಮೇಲಲ್ಲ, ಲೆಕ್ಕ ನಿಂತ ಕಡೆ ಇವರು ಕುರುಡಾಗುವುದರ ಮೇಲೆ. ಕವಿ ಗೋಕಾಕರು ಹಡಗು ಹತ್ತಿ ಆಕ್ಸ್‌ಫರ್ಡಿಗೆ ಹೋದ ಕಡಲ ಪಯಣದಿಂದ ಕನ್ನಡಕ್ಕೆ 'ಸಮುದ್ರಗೀತೆಗಳು' ಬಂದವು. ಒಂದೂವರೆ ಗಂಟೆಯಲ್ಲಿ ಯಾರೂ ಗೀತೆ ಬರೆಯಬೇಕಿಲ್ಲ, ಆದರೆ ತಲೆ ಎತ್ತಿ ನೋಡಬಹುದು. ಹಿಂದೆ ಡೋವರಿನ ಬಿಳಿ ಸುಣ್ಣದ ಬಂಡೆಗಳು ಸಣ್ಣದಾಗುತ್ತಿರುತ್ತವೆ, ಮಕ್ಕಳು ಕಂಬಿಗೆ ಜೋತುಬಿದ್ದಿರುತ್ತಾರೆ. ಯೋಜಕರು ಮೊಬೈಲಿನ ನಕ್ಷೆಯಲ್ಲಿ ತಮ್ಮ ನೀಲಿ ಚುಕ್ಕೆ ರಸ್ತೆಯಿಲ್ಲದ ಕಡೆ ಸಾಗುತ್ತಿರುವುದನ್ನು ನೋಡುತ್ತ, ಕಾರಿನ ಅಂತಸ್ತಿನ ನಂಬರಿನ ಫೋಟೊ ಬಂದಿದೆಯೇ ಎಂದು ನಡುನಡುವೆ ಪರೀಕ್ಷಿಸುತ್ತ ಇರುತ್ತಾರೆ. ಯಾರದೋ ಕಾರಿನ ಅಲಾರಂ ಹೊಡೆದುಕೊಳ್ಳುತ್ತಿದೆ ಎಂದು ಧ್ವನಿವರ್ಧಕ ಹೇಳಿದರೆ ಮೊದಲು ಎದ್ದು ನಿಲ್ಲುವವರು ಇವರು. ನಂಬರು ಬೇರೆಯವರದು. ಆದರೂ ಕೂರುವುದಿಲ್ಲ.

ಮರಳುವ ದಿನ ಸಮುದ್ರ ಇನ್ನೊಂದು ಸಲ ಛೇಡಿಸುತ್ತದೆ. ಫ್ರಾನ್ಸಿನ ಗಡಿಯಾರ ಒಂದು ಗಂಟೆ ಮುಂದೆ ಇರುವುದರಿಂದ ಬೆಳಗ್ಗೆ ಹತ್ತಕ್ಕೆ ಕ್ಯಾಲೆ ಬಿಟ್ಟ ಹಡಗು ಡೋವರಿಗೆ ಹತ್ತೂವರೆಗೆ ಬರುತ್ತದೆ, ಸೂತ್ರ ಹಾಕಿದ ಕೋಶದಲ್ಲಿ ಪ್ರಯಾಣ ಅರ್ಧ ಗಂಟೆ ಎಂದು ಮೂಡುತ್ತದೆ. ಜೂಲ್ಸ್ ವೆರ್ನನ ಫಿಲಿಯಾಸ್ ಫಾಗ್, ಯೋಜಕರ ಕುಲದೈವ, ಪೂರ್ವಕ್ಕೆ ಭೂಮಿ ಸುತ್ತಿ ಬಂದಾಗ ಲೆಕ್ಕಕ್ಕೆ ಸಿಗದ ಒಂದು ದಿನ ಉಳಿದು ಪಂದ್ಯ ಗೆದ್ದನಲ್ಲ, ಅವನು ಅದನ್ನು ಕೊಡುಗೆ ಎಂದು ತೆಗೆದುಕೊಂಡ. ಇವರು ಕೋಶವನ್ನು ಕೆಂಪು ಮಾಡಿ ತಿದ್ದುತ್ತಾರೆ.

ಶೀಟು ಮಾತ್ರ ವ್ಯರ್ಥವಾಗುವುದಿಲ್ಲ, ಇದನ್ನು ಇವರ ಪರವಾಗಿ ಹೇಳಲೇಬೇಕು. ಮುಂದಿನ ವರ್ಷ ಅದು ವಾಟ್ಸಾಪ್ ಗುಂಪಿನಲ್ಲಿ ಹತ್ತಾರು ಮನೆಗಳಿಗೆ ಹೋಗುತ್ತದೆ. ತಾವು ಒಂದು ಗಂಟೆಯೂ ತಲೆ ಕೆಡಿಸಿಕೊಳ್ಳದ ಜನ ಅದನ್ನು ಹಿಡಿದು ಸುಖವಾಗಿ ಹೋಗಿ ಬರುತ್ತಾರೆ, ಕಡಲು ನೋಡಿಕೊಂಡು, ಹಡಗಿನ ಮೇಲೆ ನಿದ್ದೆ ಮಾಡಿಕೊಂಡು. ಬಂದವರು ಕೈಮುಗಿದು "ನಿಮ್ಮ ಶೀಟಿಂದ ತುಂಬ ಅನುಕೂಲ ಆಯ್ತು ಸಾರ್, ಕಾಫಿ ಮಾತ್ರ ರೀಮ್ಸ್ ಬಿಟ್ಟು ಮುಂದಿನೂರಲ್ಲಿ ಕುಡಿದ್ವಿ" ಎನ್ನುತ್ತಾರೆ. ಯೋಜಕರ ಮುಖ ಸ್ವಲ್ಪ ಬಾಡುತ್ತದೆ. ಎಷ್ಟೊತ್ತಿಗೆ ಕುಡಿದಿರಿ ಎಂದು ಕೇಳುತ್ತಾರೆ.