ಹೊಟ್ಟೆಗೂ ಬೆಲ್ಟಿಗೂ ವ್ಯಾಜ್ಯ

ಮದುವೆಗೆ ಹೊಲಿಸಿದ ಪ್ಯಾಂಟು ಈಗಲೂ ಆಗುತ್ತದೆ ಎಂದು ಹೆಂಡತಿಯೆದುರು ಜಂಬ ಕೊಚ್ಚಿದ್ದೇ ತಪ್ಪಾಯಿತು. ಉಸಿರು ಬಿಗಿಹಿಡಿದು ಗುಂಡಿ ಹಾಕಿಕೊಂಡು ನಾದಿನಿ ಮಗನ ಮುಂಜಿಗೆ ಹೋದೆ. ಎರಡನೇ ಹೋಳಿಗೆಗೇ ಹುಳಿತೇಗು ಶುರು. ಸೊಂಟ ಬಿಗಿದರೆ ಹೊಟ್ಟೆಯೊಳಗಿನ ಒತ್ತಡ ಏರಿ ಆಮ್ಲ ಅನ್ನನಾಳಕ್ಕೆ ನುಗ್ಗುತ್ತದೆ. ಪಾಪ, ಹೋಳಿಗೆಯನ್ನು ಸುಮ್ಮನೆ ಬೈದೆ. ಪಂಕ್ತಿಯಿಂದ ಏಳುವಾಗ ಬಲತೊಡೆಯ ಹೊರಮೈಯೆಲ್ಲ ಜೋಮು, ಉರಿ. ಲಕ್ವವೇ ಹೊಡೆಯಿತೆಂದು ಬೆವೆತೆ.

ಡಾಕ್ಟರು ಬೆಲ್ಟು ನೋಡಿಯೇ ನಕ್ಕರು. "ತೊಡೆಸಂದಿಯ ಹತ್ತಿರ ತೊಡೆಯ ಚರ್ಮಕ್ಕೆ ಹೋಗುವ ನರವೊಂದಿದೆ, ಅದನ್ನು ಅದುಮಿಟ್ಟಿದ್ದೀರಿ. ಮೆರಾಲ್ಜಿಯಾ ಪ್ಯಾರೆಸ್ಥೆಟಿಕಾ ಅಂತಾರೆ." 1895ರಲ್ಲೇ ಇಟ್ಟ ಹೆಸರಂತೆ. ಅದನ್ನು ಹೇಳುವುದಕ್ಕಿಂತ ಜೋಮೇ ವಾಸಿ.

"ಔಷಧಿ ಏನು ಸಾರ್?"

"ಬೆಲ್ಟು ಎರಡು ತೂತು ಸಡಿಲ ಮಾಡಿ."

ಮನೆಗೆ ಬಂದವನೇ ಪಂಚೆ ಸುತ್ತಿಕೊಂಡೆ. ಹೊಟ್ಟೆಯ ಮೇಲೆ ಬಕಲ್ಲಿನ ಅಚ್ಚು ಇನ್ನೂ ಕೆಂಪಗಿತ್ತು. ಅದನ್ನೇ ದೊಡ್ಡ ಗಾಯದಂತೆ ತೋರಿಸಿದೆ. ಹೆಂಡತಿ ಸೆರಗು ಸರಿಸಿ ತನ್ನ ಸೊಂಟ ತೋರಿಸಿದಳು. ಲಂಗದ ಲಾಡಿ ಕೊರೆದ ಕಪ್ಪು ಗೆರೆ, ಹಗ್ಗ ಉಜ್ಜಿದ ಬಾವಿಕಟ್ಟೆಯ ಹಾಗೆ.

"ನಿಮ್ಮದು ಒಂದು ಮಧ್ಯಾಹ್ನದ್ದು," ಅಂದಳು. "ಇದಕ್ಕೆ ಮೂವತ್ತು ವರ್ಷ. ಕಾಫಿ ಬೇಕಾ?"